ಎಲ್ಲ ಇಟ್ಟಿಗೆಗಳೂ ಸಮಾನ

ವರ್ಜೀನಿಯಾದ ಲೈಡ್ಸ್‌ಬರೋ ಪಟ್ಟಣದಲ್ಲಿ ಎಲ್ಲ ಮನುಷ್ಯರೂ ಸಮಾನರು. ಈ ಕುರಿತು ಪಟ್ಟಣಸಭೆಯ ಠರಾವು ಇದೆ. ಠರಾವಿನ ಮೂಲಪ್ರತಿ ಕಬ್ಬಿಣದ ಪೆಟ್ಟಿಗೆಯಲ್ಲಿದೆ, ಪೆಟ್ಟಿಗೆಯ ಬೀಗದಕೈ ಲೈಡ್ ಮನೆತನದವರ ಬಳಿ ಇದೆ.

ದೇಶ ಹುಟ್ಟಿದಾಗ ಸಮಾನತೆಯ ಮಾತನ್ನು ಮೊದಲು ಆಡಿದವರು ಇದೇ ಊರಿನ ಕರ್ನಲ್ ಪೆರೆಗ್ರಿನ್ ಲೈಡ್ ಎಂಬುದು ಊರಿನವರ ನಂಬಿಕೆ. ಊಟದ ನಡುವೆ ಆಡಿದರಂತೆ, ಪಕ್ಕದಲ್ಲಿದ್ದವರು ಬರೆದುಕೊಂಡರಂತೆ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕುವ ಹೊತ್ತಿಗೆ ಕರ್ನಲ್ಲರು ತಮ್ಮ ಕುದುರೆಗೆ ನೀರು ಕುಡಿಸಿದ್ದಾರೋ ಇಲ್ಲವೋ ಎಂದು ನೋಡಲು ಹೊರಗೆ ಹೋಗಿದ್ದರು. ಹಾಗಾಗಿ ಅವರ ಸಹಿ ಅದರಲ್ಲಿಲ್ಲ. ಸಹಿ ಇಲ್ಲದಿರುವುದೇ ಅವರ ವಿನಯಕ್ಕೆ ಸಾಕ್ಷಿ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ನೀರು ಕುಡಿಸಬೇಕಾಗಿದ್ದ ಗುಲಾಮನ ಹೆಸರನ್ನು ಕಲಿಸುವುದಿಲ್ಲ. ಪಠ್ಯದಲ್ಲಿ ಜಾಗ ಸಾಲದು.

ದೇಶಕ್ಕೆ ಇನ್ನೂರೈವತ್ತು ತುಂಬುವ ವರ್ಷ ಬಂತು. ಊರು ಹುಟ್ಟಿದ ಕಥೆಯನ್ನು ಧೈರ್ಯವಾಗಿ ಮರುಚಿಂತಿಸಬೇಕು, ಆದರೆ ಯಾರ ಮನಸ್ಸಿಗೂ ನೋವಾಗಬಾರದು ಎಂದು ಪಟ್ಟಣಸಭೆ ಒಂದು ಸಮಿತಿ ನೇಮಿಸಿತು. ಅಧ್ಯಕ್ಷೆ ಶ್ರೀಮತಿ ಕೊರ್ನೀಲಿಯಾ ಲೈಡ್ ಹ್ಯಾಕ್ಸಲ್, ಕರ್ನಲ್ಲರ ವಂಶದವರು. ಕಾನೂನು ನೋಡಿಕೊಳ್ಳಲು ವಕೀಲ ಟಕ್‌ವಿಲರ್. ಅವರ ಮಾತಿಗೆ ತಲೆಯಾಡಿಸಲು ನಾಲ್ವರು. ಎಲ್ಲ ಆದಮೇಲೆ ಸಮಾನತೆಯ ನೆನಪಾಗಿ, ಹಲ್ಲಿನ ಡಾಕ್ಟರ್ ವರ್ಡೆಲ್ಲಾ ಪೆಟಿಫರ್ಡ್ ಅವರನ್ನೂ ಸೇರಿಸಿಕೊಂಡರು. ವರ್ಡೆಲ್ಲಾರ ಹಿರಿಯರು ಕರ್ನಲ್ಲರ ಗುಲಾಮರಾಗಿದ್ದವರು. ಸಮಿತಿಯ ಪತ್ರದಲ್ಲಿ ಅವರನ್ನು 'ಮನೆಯ ಹಳೆಯ ಸಂಬಂಧಿಕರು' ಎಂದು ಕರೆಯಲಾಗಿತ್ತು.

ವರ್ಡೆಲ್ಲಾ ಒಪ್ಪಿಕೊಂಡದ್ದು ಒಂದೇ ಒಂದು ಕಾರಣಕ್ಕೆ. ಕರ್ನಲ್ಲರಿದ್ದ ಲೈಡ್ ಮನೆ ಈಗ ವಸ್ತುಸಂಗ್ರಹಾಲಯ. ಅದರ ಅಡುಗೆಮನೆಯ ಹಿಂದಿನ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಒಂದು ಇಟ್ಟಿಗೆಯ ಮೇಲೆ ಮೂರು ಸಣ್ಣ ಬೆರಳಿನ ಗುರುತಿದೆ. ಹಸಿ ಇಟ್ಟಿಗೆ ಹೊತ್ತು ಬಿಸಿಲಿಗಿಡುತ್ತಿದ್ದ ಏಳು ವರ್ಷದ ಗುಲಾಮ ಹುಡುಗ, ವರ್ಡೆಲ್ಲಾರ ಪೂರ್ವಜ ಐಶಮ್‌ನ ಬೆರಳು ಅವು. ಅವರ ಮನೆತನದಲ್ಲಿ ಮಗುವಿಗೆ ಏಳು ತುಂಬಿದ ವರ್ಷ, ಸ್ವಾತಂತ್ರ್ಯ ದಿನವಾದ ಜುಲೈ ನಾಲ್ಕಕ್ಕೆ ಅಲ್ಲಿಗೆ ಕರೆದೊಯ್ದು ಆ ಕುಳಿಗಳಲ್ಲಿ ಬೆರಳಿಡಿಸುತ್ತಾರೆ. ಬೆರಳು ಸರಿಯಾಗಿ ಕೂತರೆ 'ಐಶಮ್‌ನ ಕೈ ಹಿಡಿದೆ' ಎನ್ನುತ್ತಾರೆ. ವರ್ಡೆಲ್ಲಾ ಹಿಡಿದಿದ್ದರು, ಅವರ ಮಗಳು ಹಿಡಿದಿದ್ದಳು. ಈ ಸಲ ಮೊಮ್ಮಗಳು ಜೂನಿಯ ಸರದಿ. ಅಷ್ಟರೊಳಗೆ ಆ ಇಟ್ಟಿಗೆಯ ಪಕ್ಕ ಅವನ ಹೆಸರಿನ ಒಂದು ಫಲಕ ಬರಬೇಕೆಂಬುದು ವರ್ಡೆಲ್ಲಾರ ಆಸೆ.

ಮೊದಲ ಸಭೆಯಲ್ಲೇ ಕೇಳಿದರು. ಕೊರ್ನೀಲಿಯಾರ ಕಣ್ಣು ತುಂಬಿ ಬಂತು.

"ಎಂಥ ಒಳ್ಳೆ ಮಾತು ಹೇಳಿದ್ರಿ ಡಾಕ್ಟ್ರೇ. ಖಂಡಿತ ಹಾಕ್ಸೋಣ. ಅಲ್ವೇನ್ರೀ ಟಕ್‌ವಿಲರ್?"

ಟಕ್‌ವಿಲರ್ ಸಿಹಿ ಐಸ್‌ಟೀ ಲೋಟ ಕೆಳಗಿಟ್ಟರು. "ಹಾಕ್ಸೋಕೆ ಅಡ್ಡಿಯಿಲ್ಲ. ಆದ್ರೆ ಮನೆ ಕಟ್ಟಿದ್ದು ಕರ್ನಲ್ಲರು ಅಂತ ಮುಂಬಾಗಿಲಲ್ಲೇ ಬರೆದಿದೆಯಲ್ಲ. ಹಿಂದ್ಗಡೆ ಇನ್ನೊಬ್ರ ಹೆಸರು ಹಾಕಿದ್ರೆ ಜನ ಗೊಂದಲಕ್ಕೆ ಬೀಳ್ತಾರೆ."

"ಕರ್ನಲ್ಲರು ಒಂದು ಇಟ್ಟಿಗೆ ಎತ್ತಿಟ್ಟಿದ್ದು ಯಾರು ನೋಡಿದ್ದಾರೆ?" ಎಂದರು ವರ್ಡೆಲ್ಲಾ. "ಕೊರ್ನೀಲಿಯಾ ಅವ್ರೇ, ನಿಮ್ಮ ಬಾಯಲ್ಲಿ ನಿಮ್ಮ ಹಲ್ಲೆಷ್ಟು, ನಾನು ಕಟ್ಟಿದ್ದೆಷ್ಟು ಅಂತ ನಂಗೊತ್ತು. ಆದ್ರೂ ನಗೋವಾಗ ಎಲ್ಲಾ ನಿಮ್ಮದೇ ಅನ್ನೋ ಹಾಗೆ ನಗ್ತೀರಿ. ಇದೂ ಹಾಗೇ."

ಕೊರ್ನೀಲಿಯಾ ನಗುವುದಕ್ಕೆ ಹೊರಟು ತುಟಿ ಮುಚ್ಚಿಕೊಂಡರು.

ಸಮಿತಿ ಸತ್ಯಕ್ಕೆ ಹೆದರುವಂಥದ್ದಲ್ಲ. ಮುಂಬಾಗಿಲ ಬರಹವನ್ನು ಅಂದೇ ತಿದ್ದಲಾಯಿತು. ಕರ್ನಲ್ಲರು ಕಟ್ಟಿದರು ಎಂದರೆ ಸುಳ್ಳು, ಗುಲಾಮರು ಕಟ್ಟಿದರು ಎಂದರೆ ಪ್ರವಾಸಿಗರಿಗೆ ಬೇಸರ. ಆದ್ದರಿಂದ 'ಈ ಮನೆ ಇಲ್ಲಿ ಎದ್ದು ನಿಂತಿತು' ಎಂದು ಬರೆಸಲಾಯಿತು. ಉಳಿದದ್ದು ಐಶಮ್‌ನ ಫಲಕ.

"ನೋಡಿ ಡಾಕ್ಟ್ರೇ," ಎಂದರು ಟಕ್‌ವಿಲರ್, ಬಹಳ ನೊಂದ ದನಿಯಲ್ಲಿ. "ಈ ಮನೇಲಿ ಸಾವಿರಾರು ಇಟ್ಟಿಗೆ ಇದಾವೆ. ಒಂದಕ್ಕೆ ಮಾತ್ರ ಹೆಸರು ಕೊಟ್ರೆ ಉಳಿದವಕ್ಕೆ ಅನ್ಯಾಯ ಆಗಲ್ವಾ? ನಾವು ಆಚರಿಸ್ತಿರೋದು ಸಮಾನತೆ."

"ಹಂಗಾದ್ರೆ ಎಲ್ಲದಕ್ಕೂ ಹಾಕ್ಸಿ."

"ಅವನ್ನ ಮಾಡಿದೋರ ಹೆಸರು ಯಾರೂ ಬರೆದಿಟ್ಟಿಲ್ವಲ್ಲ."

"ಬರೆದಿಡಬೇಕಾಗಿದ್ದೋರು ಕೊರ್ನೀಲಿಯಾ ಅವ್ರ ಮುತ್ತಜ್ಜ, ಆ ಕರ್ನಲ್ಲರೇ."

"ಅವರು ಬರೆದಿಡ್ಲಿಲ್ಲ ಅಂತ ಈಗ ಇಟ್ಟಿಗೆಗಳಿಗೆ ಶಿಕ್ಷೆ ಕೊಡೋದೇ?" ಎಂದರು ಟಕ್‌ವಿಲರ್. ನಾಲ್ಕು ತಲೆಗಳು ಆಡಿದವು.

ಆ ವಾರ ಊರಿನ ಪತ್ರಿಕೆಯಲ್ಲಿ ಈ ಪ್ರಕಟಣೆ ಬಂತು:

'ಎಲ್ಲ ಇಟ್ಟಿಗೆಗಳೂ ಸಮಾನವಾಗಿ ಸೃಷ್ಟಿಯಾಗಿವೆ ಎಂಬ ಸತ್ಯ ಸ್ವಯಂಸಿದ್ಧವಾದುದರಿಂದ, ಲೈಡ್ ಮನೆಯ ಯಾವುದೇ ಇಟ್ಟಿಗೆಯು ಗುರುತು, ಕುಳಿ, ಬೆರಳು ಇತ್ಯಾದಿ ಕಾರಣಗಳಿಂದ ಇತರ ಇಟ್ಟಿಗೆಗಳಿಗಿಂತ ಹೆಚ್ಚಿನ ಗಮನ ಸೆಳೆಯತಕ್ಕದ್ದಲ್ಲ. ಹಾಗೆ ಸೆಳೆಯುತ್ತಿರುವ ಇಟ್ಟಿಗೆ ಕಂಡುಬಂದಲ್ಲಿ, ಅದನ್ನು ಕಿಂಚಿತ್ತೂ ಹಾನಿಯಾಗದಂತೆ ಹೊರತೆಗೆದು, ಗುರುತು ಒಳಮುಖವಾಗುವಂತೆ ತಿರುಗಿಸಿ, ಮೊದಲಿನ ಜಾಗದಲ್ಲೇ ಇಡತಕ್ಕದ್ದು. ಇತಿಹಾಸವನ್ನು ಅಳಿಸುವವರ ವಿರುದ್ಧ ಸಮಿತಿ ಸದಾ ಜಾಗೃತವಾಗಿದೆ.'

ಠರಾವಿನ ಪರ ಆರು ಮತ, ವಿರುದ್ಧ ಒಂದು. ವರ್ಡೆಲ್ಲಾರ ಮತವನ್ನೂ ಉಳಿದವರ ಮತದಷ್ಟೇ ಸಮಾನವಾಗಿ ಎಣಿಸಲಾಯಿತು. ಆದರೆ ಊರಿನ ಕಥೆ ಒಮ್ಮತದಿಂದಲೇ ಆಗಬೇಕೆಂಬ ನಿಯಮವಿದ್ದುದರಿಂದ, ಆ ಒಂದು ಮತವನ್ನು ವಿರೋಧವೆಂದು ಬರೆಯದೆ 'ಒಪ್ಪಿಗೆ ಬಾಕಿ' ಎಂದು ಬರೆದಿಟ್ಟರು.

ಇಟ್ಟಿಗೆ ತಿರುಗಿತು. ಸಿಮೆಂಟು ಮೆತ್ತಿದರು. ವರ್ಡೆಲ್ಲಾ ನೇರವಾಗಿ ಕೊರ್ನೀಲಿಯಾರ ಮನೆಗೆ ಹೋದರು.

"ಮಗು ಆಸೆ ಇಟ್ಕೊಂಡು ದಿನಾ ಬೆರಳು ತೊಳ್ಕೊಳ್ತಿದೆ. ಏನು ಹೇಳ್ಲಿ ಅದಕ್ಕೆ?"

"ಅಯ್ಯೋ, ಅದನ್ನ ನಾವು ಯೋಚ್ನೆ ಮಾಡ್ದೆ ಇರ್ತೀವಾ?" ಎಂದರು ಕೊರ್ನೀಲಿಯಾ, ಅವರ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು. "ಒಂದು ಹಳೇ ಕುಳೀಲಿ ಬೆರಳಿಡೋದೇನು, ಜೂನಿ ತಾನೇ ಇಟ್ಟಿಗೆ ಮಾಡ್ಲಿ. ಎಲ್ಲಾ ಮಕ್ಕಳೂ ಮಾಡ್ಲಿ. ಸತ್ಯಾನ ಕೈಯಾರೆ ಮುಟ್ಟಿದ ಹಾಗಾಗುತ್ತೆ. ಹಿಂದ್ಗಡೆ ಗೋಡೆ ಹ್ಯಾಗೂ ರಿಪೇರಿಗೆ ಬಂದಿದೆ."

ಜುಲೈ ನಾಲ್ಕರಂದು ಲೈಡ್ ಮನೆಯ ಹಿತ್ತಲಲ್ಲಿ ಬ್ಯಾಂಡು ಬಾರಿಸುತ್ತಿತ್ತು. ಊರಿನ ಮಕ್ಕಳು ಟಿಕೆಟ್ ಕೊಂಡು ಕೆಸರು ತುಳಿಯುತ್ತಿದ್ದರು. 'ಹಳೆಯ ಸಂಬಂಧಿಕರ' ಮಕ್ಕಳಿಗೆ ಟಿಕೆಟ್ ಬೇಕಿರಲಿಲ್ಲ, ಸಾಲಿನಲ್ಲಿ ಮೊದಲ ಜಾಗ ಅವರದೇ, ಬಿಡುವು ಕೊನೆಗೆ. ಜೂನಿ ಬಿಸಿಲಲ್ಲಿ ಅಚ್ಚಿಗೆ ಮಣ್ಣು ತುಂಬಿದಳು, ಒದರಿ ತೆಗೆದಳು. ಹಸಿ ಇಟ್ಟಿಗೆಯ ಮೇಲೆ ಉಸಿರು ಬಿಗಿಹಿಡಿದು ಮೂರು ಬೆರಳು ಒತ್ತಿದಳು.

"ಅಜ್ಜಿ, ನೋಡಿಲ್ಲಿ. ಐಶಮ್‌ನ ಥರಾನೇ."

ವರ್ಡೆಲ್ಲಾ ಬಗ್ಗಿ ನೋಡಿದರು. ಹಾಗೆಯೇ ಇತ್ತು.

ಅಷ್ಟರಲ್ಲಿ ಹುಲ್ಲಿನ ಟೋಪಿ ಇಟ್ಟುಕೊಂಡು ಮೇಲ್ವಿಚಾರಣೆ ಮಾಡುತ್ತಿದ್ದ ಕೊರ್ನೀಲಿಯಾ ಗಾರೆ ಕರಣೆ ಹಿಡಿದು ಬಂದರು. ಒಂದೇ ಸಲ ಸವರಿ ಗುರುತು ಅಳಿಸಿದರು.

"ಗುರುತು ಬೀಳಬಾರ್ದು ಪುಟ್ಟೀ. ಎಲ್ಲಾ ಒಂದೇ ಥರ ಇರ್ಬೇಕು."

"ಐಶಮ್‌ನದು ಬಿದ್ದಿತ್ತಲ್ಲ?"

ಕೊರ್ನೀಲಿಯಾ ನಿಜವಾಗಿಯೂ ಯೋಚಿಸಿದರು. ಅವರು ಮಕ್ಕಳ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರಲ್ಲ.

"ಅವತ್ತು ನೋಡ್ಕೊಳ್ಳೋರು ಸರಿಯಾಗಿ ನೋಡ್ಕೊಂಡಿಲ್ಲ ಅನ್ಸುತ್ತೆ ಕಣಮ್ಮ."

ಜೂನಿ ಅಜ್ಜಿಯ ಮುಖ ನೋಡಿದಳು. ಜೂನಿ ಎರಡನೆಯ ಇಟ್ಟಿಗೆ ತೆಗೆದಳು. ಈ ಸಲ ಬೆರಳಿಡಲಿಲ್ಲ. ಕರಣೆ ಕೇಳಿ ಇಸಿದುಕೊಂಡು, ತಾನೇ ನುಣ್ಣಗೆ ಸವರಿ, ಸರಿಯಾಯಿತೇ ಎಂದು ಕೊರ್ನೀಲಿಯಾರತ್ತ ಕತ್ತೆತ್ತಿದಳು.

"ನೋಡಿದ್ರಾ, ಎಷ್ಟು ಬೇಗ ಕಲಿತುಬಿಟ್ಳು," ಎಂದರು ಕೊರ್ನೀಲಿಯಾ. ಎಲ್ಲರೂ ಚಪ್ಪಾಳೆ ತಟ್ಟಿದರು.

ವರ್ಡೆಲ್ಲಾ ಏನೂ ಹೇಳಲಿಲ್ಲ. ಪಕ್ಕದಲ್ಲೇ ನಿಂತಿದ್ದ ಟಕ್‌ವಿಲರ್ ಗಡಿಯಾರ ನೋಡಿಕೊಂಡು, ಸ್ವಲ್ಪ ಹೊತ್ತು ಕಾದು, ಠರಾವಿನ ಪ್ರತಿಯಲ್ಲಿದ್ದ 'ಒಪ್ಪಿಗೆ ಬಾಕಿ' ಎಂಬುದನ್ನು ಹೊಡೆದುಹಾಕಿದರು. ಲೈಡ್ಸ್‌ಬರೋ ಪಟ್ಟಣದ ಹೊಸ ಕಥೆ ಅಂದು ಮಧ್ಯಾಹ್ನ ಊಟಕ್ಕೆ ಮುಂಚೆಯೇ ಸರ್ವಾನುಮತದಿಂದ ಅಂಗೀಕಾರವಾಯಿತು.