ತಿರುಗುವಾಗ ಸಿಕ್ಕಿಕೊಳ್ಳುವ ಹಾಯಿ

ಐವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯಲೇಬೇಕು ಎಂದು ಕಾಣುತ್ತದೆ. ನಮ್ಮ ಕಾಲೇಜಿನಲ್ಲಿ ಒಬ್ಬರು ಇದ್ದಕ್ಕಿದ್ದಂತೆ ಮೀಸೆಗೆ ಬಣ್ಣ ಹಚ್ಚಲು ಶುರುಮಾಡಿದರು. ಇನ್ನೊಬ್ಬರು ಬೆಳಗ್ಗೆ ಎದ್ದು ಬೇವಿನ ರಸ ಕುಡಿಯತೊಡಗಿದರು. ಕುಡಿದು ಸುಮ್ಮನಿದ್ದರೆ ಆಗುತ್ತಿತ್ತು, ಬಾಟ್ಲಿಯಲ್ಲಿ ತಂದು ನಮಗೂ ಕುಡಿಸಲು ಹೊರಟರು. ಇವರನ್ನೆಲ್ಲ ಸ್ಟಾಫ್ ರೂಮಿನಲ್ಲಿ ಕೂತು ಗೇಲಿ ಮಾಡಿದವನು ನಾನು. ಆ ಪಾಪವೇ ಇರಬೇಕು, ನನಗೆ ಹಾಯಿದೋಣಿಯ ಹುಚ್ಚು ಹಿಡಿಯಿತು. ಅದೂ ಎಲ್ಲಿ? ಸಮುದ್ರ ಹಾಗಿರಲಿ, ಒಂದು ಹೊಳೆಯೂ ನೆಟ್ಟಗೆ ಹರಿಯದ ಹೊಸಕೋಟೆ ತಾಲ್ಲೂಕಿನಲ್ಲಿ, ಜಡಿಗೇನಹಳ್ಳಿಯ ಆಚೆ, ನಮ್ಮೂರಿನ ಕೆರೆಯಲ್ಲಿ.

ದೋಣಿ ನಾನು ಕೊಂಡದ್ದಲ್ಲ. ಚೆನ್ನೈಗೆ ವರ್ಗವಾದ ಗೆಳೆಯನೊಬ್ಬ, "ಸ್ವಲ್ಪ ದಿನ ನಿಮ್ಮ ಶೆಡ್ಡಿನಲ್ಲಿ ಇಟ್ಟುಕೊಂಡಿರು" ಎಂದು ಬಿಟ್ಟುಹೋದದ್ದು. ನಾನಾಗಲೇ ಅದನ್ನು ನನ್ನದೆಂದು ತೀರ್ಮಾನಿಸಿದ್ದೆ. ಕ್ಯಾಟಮರಾನ್ ಎಂದು ಅದರ ಹೆಸರು. ಎರಡು ಸಪೂರ ದೋಣಿಗಳನ್ನು ಅಕ್ಕಪಕ್ಕ ಇಟ್ಟು, ನಡುವೆ ಹಗ್ಗದ ಮಂಚದ ಹಾಗೆ ಬಲೆ ಬಿಗಿದು, ಮುಂಭಾಗದಲ್ಲೊಂದು ಉದ್ದನೆಯ ಕಂಬ ನಿಲ್ಲಿಸಿದರೆ ಆಯಿತು. ಕಂಬದ ಹಿಂದೆ ದೊಡ್ಡ ಹಾಯಿ, ಮುಂದೆ ಚಿಕ್ಕ ಹಾಯಿ. ಈ ಚಿಕ್ಕದರ ಹೆಸರು ಜಿಬ್. ನನ್ನ ಮಾನ ಹರಾಜು ಹಾಕಿದ್ದು ಇದೇ.

ಗಾಳಿ ಎದುರಿಗಿದ್ದರೆ ದೋಣಿ ನೇರ ಹೋಗುವುದಿಲ್ಲ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ, ಸೊಟ್ಟಸೊಟ್ಟಗೆ ಹೋಗಬೇಕು. ಪ್ರತಿ ತಿರುವಿನಲ್ಲೂ ಜಿಬ್ಬು ಕಂಬದ ಮುಂದೆ ಹಾದು ಈ ಕಡೆಯಿಂದ ಆ ಕಡೆಗೆ ದಾಟಬೇಕು. ಈ ವಿದ್ಯೆಯನ್ನು ಬಲ, ದಿಕ್ಕು, ಕೋನ ಎಂದು ಬೋರ್ಡಿನ ಮೇಲೆ ಬಾಣ ಎಳೆದು ಇಪ್ಪತ್ತೈದು ವರ್ಷ ಪಾಠ ಹೇಳಿದ್ದೇನೆ. ಭೌತಶಾಸ್ತ್ರದ ಮೇಷ್ಟ್ರು ನಾನು. ಆದರೆ ಬೋರ್ಡಿನ ಮೇಲೆ ಕಂಬಕ್ಕೆ ಕೊಕ್ಕೆ ಇರುವುದಿಲ್ಲ. ಇಲ್ಲಿ ಹಾಯಿ ಏರಿಸುವ ಹಗ್ಗ ಸುತ್ತಲು ಕಂಬದ ಮೈಮೇಲೆ ಎರಡು ಕೊಂಬಿನ ಕೊಕ್ಕೆಯೊಂದಿದೆ. ಜಿಬ್ಬಿನ ಮೂಲೆಯ ಹಗ್ಗದ ಗಂಟು, ಮನೆಯ ನೆನಪಾದ ಹಸುವಿನ ಹಾಗೆ, ನೇರ ಅಲ್ಲಿಗೇ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿತೆಂದರೆ ದೋಣಿ ಗಾಳಿಗೆ ಮುಖಕೊಟ್ಟು ನಿಲ್ಲುತ್ತದೆ. ಆಮೇಲೆ ಹಿಂದಕ್ಕೆ ಹೊರಡುತ್ತದೆ. ಏರಿಯ ಮೇಲೆ ನನ್ನ ವಿದ್ಯಾರ್ಥಿಗಳು ಸಾಲಾಗಿ ಕೂತಿರುತ್ತಾರೆ.

ಆಗ ಬರುತ್ತಿದ್ದವಳು ಮುನಿಯಮ್ಮ. ಕೆರೆಯಲ್ಲಿ ಮೀನು ಹಿಡಿಯುವವಳು. ದುಂಡನೆಯ ತೆಪ್ಪ, ಒಂದೇ ಹುಟ್ಟು, ಬಾಯಲ್ಲಿ ಎಲೆಯಡಿಕೆ. ಅವಸರವಿಲ್ಲದೆ ಬಂದು, "ಏನ್ ಮೇಷ್ಟ್ರೇ, ಇವತ್ತೂ ಸಿಗಾಕ್ಕಂಡ್ರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ದೋಣಿಯ ಮೂತಿಗೆ ಹಗ್ಗ ಕಟ್ಟಿ ದಡಕ್ಕೆ ಎಳೆಯುತ್ತಿದ್ದಳು. ಎಳೆಯುವಾಗ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನಾನು ಲೈಫ್ ಜಾಕೆಟ್ಟಿನೊಳಗೆ ಆದಷ್ಟು ಕುಗ್ಗಿ ಕೂತು ಹೂಂಗುಟ್ಟುತ್ತಿದ್ದೆ. ನಾಲ್ಕು ಭಾನುವಾರ ಹೀಗೇ ಆಯಿತು.

ಇಷ್ಟರಲ್ಲಿ ದ್ರಾಕ್ಷಿ ಕೊಯ್ಲು ಹತ್ತಿರ ಬಂತು. ನಮ್ಮದು ಒಂದೆಕರೆ ದ್ರಾಕ್ಷಿ ತೋಟ. ತೋಟ ನನ್ನ ಹೆಸರಿನಲ್ಲಿದೆ, ಅದರ ದ್ರಾಕ್ಷಿ ಮಾತ್ರ ನನ್ನ ಹೆಂಡತಿ ಪದ್ಮಳ ಮಾತು ಕೇಳುತ್ತದೆ. ಅವಳು ಇಲ್ಲೇ ಪಕ್ಕದ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಯ ದ್ರಾಕ್ಷಿ ಬೆಳೆಯುವವರ ಮಗಳು. ಕ್ರೇಟು ಜೋಡಿಸಲು ಅವಳಿಗೆ ಶೆಡ್ಡು ಬೇಕಿತ್ತು. ಶೆಡ್ಡಿನ ತುಂಬ ನನ್ನ ದೋಣಿ ಕಾಲು ಚಾಚಿ ಮಲಗಿತ್ತು.

"ನೋಡಿ," ಎಂದಳು ಒಂದು ಸಂಜೆ, "ಬರೋ ಭಾನುವಾರ ನಾನೂ ಹತ್ತಿ ಕೂತ್ಕೋತೀನಿ. ಆ ದಡ ಮುಟ್ಟಿ ವಾಪಸ್ ಬರ್ಬೇಕು. ಬಂದ್ರೆ ಕ್ರೇಟಿಗೆ ಬೇರೆ ಜಾಗ ನೋಡ್ತೀನಿ. ಮುನಿಯಮ್ಮ ಬಂದು ಎಳೆಯೋ ಹಾಗಾದ್ರೆ, ಸೋಮವಾರ ದೋಣಿ ಚೆನ್ನೈಗೆ."

ನನಗೆ ನಿಜಕ್ಕೂ ಸಂಕಟವಾಯಿತು. ಹುಚ್ಚು ಎಂದು ನಾನೇ ಹೇಳಿಕೊಂಡರೂ, ತಿರುವು ಸರಿಹೋದ ಒಂದೆರಡು ಗಳಿಗೆ ಆ ದೋಣಿ ಸದ್ದಿಲ್ಲದೆ ನೀರ ಮೇಲೆ ಜಾರುತ್ತಿತ್ತಲ್ಲ, ಅಂಥ ಸುಖವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ. ಅದನ್ನು ಕಳೆದುಕೊಳ್ಳಲು ಮನಸ್ಸಿರಲಿಲ್ಲ.

ವಾರವಿಡೀ ಕೂತು ಯೋಚಿಸಿದೆ. ಜಿಬ್ಬಿನ ಮೂಲೆಗೆ ಎಡಕ್ಕೊಂದು ಬಲಕ್ಕೊಂದು ಎಳೆಯುವ ಎರಡು ಹಗ್ಗವನ್ನು ಎರಡು ದಪ್ಪ ಗಂಟು ಹಾಕಿ ಕಟ್ಟಿದ್ದೆ. ಅದನ್ನು ಬಿಚ್ಚಿ, ಒಂದೇ ಉದ್ದ ಹಗ್ಗವನ್ನು ನಡುವೆ ಮಡಿಸಿ, ಕುಣಿಕೆಯಾಗಿ ತೂರಿಸಿದೆ; ಗಂಟಿನ ಗಾತ್ರ ಅರ್ಧವಾಯಿತು. ಆ ಮೂಲೆಯಲ್ಲಿ ನೇತಾಡುತ್ತಿದ್ದ ಕಬ್ಬಿಣದ ಬಳೆಯೊಂದನ್ನು ಕಿತ್ತೆಸೆದೆ. ಕಂಬದ ಸುತ್ತ ಚೂಪಾಗಿದ್ದ ಪಿನ್ನುಗಳಿಗೆಲ್ಲ ಟೇಪು ಸುತ್ತಿದೆ. ಕೊಕ್ಕೆಯೊಂದು ಉಳಿಯಿತು. ಅದನ್ನು ಕೀಳುವಂತಿಲ್ಲ, ಬಿಡುವಂತಿಲ್ಲ. ಅಂಗಳದಲ್ಲಿ ಕಂಬದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾಗ ಪದ್ಮ ಬಂದು ನೋಡಿದಳು.

"ಇಷ್ಟೇನಾ? ಹಕ್ಕಿ ಬಲೆ ಎಳೆಯೋವಾಗ ಕಲ್ಲುಕಂಬದ ತಲೆಗೆ ಸಿಕ್ಕಾಕೊಳ್ಳುತ್ತೆ ಅಂತ ನಾವೇನ್ ಮಾಡ್ತೀವಿ?"

ತೋಟಕ್ಕೆ ಹಕ್ಕಿ ಬಾರದಂತೆ ಹೊದಿಸುವ ಬಲೆಯ ಕೆಳಗೆ, ಪ್ರತಿ ಕಲ್ಲುಕಂಬದ ತಲೆಗೂ ಖಾಲಿ ಬಾಟ್ಲಿ ಮಗುಚಿ ಹಾಕಿರುತ್ತಾರೆ. ನುಣ್ಣಗಿರುವುದರಿಂದ ಬಲೆ ಜಾರಿಕೊಂಡು ಹೋಗುತ್ತದೆ. ಇದನ್ನು ದಿನಾ ನೋಡುತ್ತಿದ್ದೇನೆ. ಘರ್ಷಣೆ ಎಂಬ ಅಧ್ಯಾಯವನ್ನು ವರ್ಷಕ್ಕೊಮ್ಮೆ ಮಾಡುತ್ತೇನೆ. ಎರಡನ್ನೂ ಸೇರಿಸುವ ಕೆಲಸವನ್ನು ನನ್ನ ತಲೆ ಮಾಡಿರಲಿಲ್ಲ. ಎರಡು ಲೀಟರಿನ ಬಾಟ್ಲಿಯನ್ನು ಉದ್ದಕ್ಕೆ ಸೀಳಿ, ಕೊಕ್ಕೆಯ ಮೇಲೆ ಹೊದಿಸಿ, ಟೇಪಿನಲ್ಲಿ ಬಿಗಿದೆ. ಕಂಬಕ್ಕೆ ಗಳಗಂಡ ಬಂದ ಹಾಗೆ ಕಂಡಿತು. ಕಂಡರೆ ಕಾಣಲಿ ಎಂದುಕೊಂಡೆ.

ಭಾನುವಾರ ಗಾಳಿ ಚೆನ್ನಾಗಿತ್ತು. ಏರಿಯ ಮೇಲೆ ಎಂದಿಗಿಂತ ಹೆಚ್ಚು ಜನ. ಪದ್ಮ ಸೀರೆಯ ಸೆರಗು ಸಿಕ್ಕಿಸಿ, ಲೈಫ್ ಜಾಕೆಟ್ಟು ತೊಟ್ಟು, ಬಲೆಯ ಮಂಚದ ಮೇಲೆ ಮದುವೆ ಮನೆಯ ಜಮಖಾನದ ಮೇಲೆ ಕೂತಂತೆ ನಿರಾಳವಾಗಿ ಕೂತಳು. ನಾನು ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಜಿಬ್ಬಿನ ಹಗ್ಗ ಹಿಡಿದು ಹೊರಟೆ. ಮೊದಲ ತಿರುವು ಬಂತು. ಚುಕ್ಕಾಣಿ ತಳ್ಳಿದೆ, ಹಳೆಯ ಕಡೆಯ ಹಗ್ಗ ಬಿಟ್ಟೆ, ಹೊಸ ಕಡೆಯದನ್ನು ಶಕ್ತಿ ಮೀರಿ ಎಳೆದೆ. ಜಿಬ್ಬು ಪಟಪಟನೆ ಹೊಡೆದುಕೊಂಡು, ಬಾಟ್ಲಿಯ ಮೇಲೆ ಜಾರಿ, ಅಲ್ಲಿಂದ ಕೆಳಗೆ ಕಂಬದ ಬುಡಕ್ಕೆ ಸುತ್ತಿಕೊಂಡಿತು. ದೋಣಿ ನಿಂತಿತು. ಆಮೇಲೆ ಹಿಂದಕ್ಕೆ ಹೊರಟಿತು. ದೂರದಲ್ಲಿ ಮುನಿಯಮ್ಮ ಎಲೆಯಡಿಕೆ ಉಗಿದು ಹುಟ್ಟು ಕೈಗೆತ್ತಿಕೊಂಡಳು.

"ಹಗ್ಗ ಇಲ್ಲಿ ಕೊಡಿ," ಎಂದಳು ಪದ್ಮ.

"ನಿಂಗೊತ್ತಾಗಲ್ಲ ಕಣೇ, ಇದು ಟೆಕ್ನಿಕಲ್ಲು."

"ಆ ಅಮ್ಮ ಬರೋದ್ರೊಳಗೆ ಕೊಡಿ. ಬಲೆ ಕಂಬ ದಾಟಿಸೋವಾಗ ಈ ಕಡೆಯೋರು ಹಿಡ್ಕೊಂಡೇ ಇರ್ಬೇಕು. ಗಾಳಿ ಒಳಗಡೆ ಹೊಕ್ಕು ಎತ್ತಿದ ಮೇಲೆ ಬಿಡ್ಬೇಕು. ನೀವು ಮೊದಲೇ ಬಿಟ್ಬಿಟ್ಟು ಎಳೀತೀರಲ್ಲ, ಸಡಿಲ ಬಿದ್ದು ಸಿಕ್ಕಾಕೊಳ್ಳದೆ ಇನ್ನೇನಾಗುತ್ತೆ?"

ಬೇರೆ ದಾರಿಯಿರಲಿಲ್ಲ, ಕೊಟ್ಟೆ. ಅವಳು ಸುತ್ತಿದ್ದನ್ನು ಬಿಡಿಸಿದಳು. ದೋಣಿ ಪಕ್ಕಕ್ಕೆ ತಿರುಗಿ ಮತ್ತೆ ಓಟ ಹಿಡಿಯಿತು. ಎರಡನೇ ಸಲ ಚುಕ್ಕಾಣಿ ತಳ್ಳಿದೆ. ದೋಣಿಯ ಮೂತಿ ಗಾಳಿಗೆ ತಿರುಗಿತು. ನನ್ನ ಕೈ ತುರಿಸತೊಡಗಿತು. "ಬಿಡೇ, ಬಿಡೇ" ಎಂದೆ. "ತಡೀರಿ" ಎಂದಳು. ಜಿಬ್ಬಿನ ಹೊಟ್ಟೆಗೆ ಆ ಕಡೆಯಿಂದ ಗಾಳಿ ತುಂಬಿತು. ಅದೇ ಗಾಳಿ ದೋಣಿಯ ಮೂತಿಯನ್ನು ಹಿಡಿದು ಪಕ್ಕಕ್ಕೆ ತಳ್ಳಿತು. ಆಗ ಅವಳು ಬೆರಳು ಸಡಿಲಿಸಿದಳು. ಹಾಯಿ ಒಂದೇ ಉಸಿರಿಗೆ ಕಂಬ ದಾಟಿ ಆ ಕಡೆ ಹೋಗಿ ಕೂತಿತು. ಏರಿಯ ಮೇಲಿಂದ ಚಪ್ಪಾಳೆ ಕೇಳಿಸಿತು. ಮುನಿಯಮ್ಮ ಹುಟ್ಟು ಕೆಳಗಿಟ್ಟಳು. ಆ ದಡ ಮುಟ್ಟಿ ಬರುವಷ್ಟರಲ್ಲಿ ಇನ್ನೂ ಏಳು ತಿರುವು; ಒಂದರಲ್ಲೂ ಸಿಕ್ಕಲಿಲ್ಲ. ನನಗೆ ಹೆಮ್ಮೆಯಾಯಿತು, ಅದರ ಹಿಂದೆಯೇ ಹೊಟ್ಟೆಕಿಚ್ಚೂ ಆಯಿತು. ಗಂಡ ಹೆಂಡಿರಲ್ಲಿ ಮುಚ್ಚುಮರೆ ಏಕೆ ಎಂದು ಹೆಮ್ಮೆಯನ್ನು ಮಾತ್ರ ಹೇಳಿದೆ.

ಪದ್ಮ ಮಾತಿಗೆ ತಪ್ಪಲಿಲ್ಲ. ಕ್ರೇಟುಗಳು ನನ್ನ ಓದುವ ಕೋಣೆಗೆ ಬಂದವು, ದೋಣಿ ಶೆಡ್ಡಿನಲ್ಲೇ ಉಳಿಯಿತು. ಆದರೆ ಮುಂದಿನ ಭಾನುವಾರ ನಾನು ಟೋಪಿ ಹಾಕಿಕೊಂಡು ದಡಕ್ಕೆ ಹೋಗುವಷ್ಟರಲ್ಲಿ ಚುಕ್ಕಾಣಿಯ ಹತ್ತಿರ ಮುನಿಯಮ್ಮ ಕೂತಿದ್ದಳು.

"ನೀವು ಆತುರ ಬೀಳ್ತೀರ," ಎಂದಳು ಪದ್ಮ. "ಮುನಿಯಮ್ಮಂಗೆ ನೀರಿನ ಗುಣ ಗೊತ್ತು. ಒಂದು ಸುತ್ತು ಹೋಗಿ ಬರ್ತೀವಿ."

"ಎಲ್ಲಾನಾ ಸಿಗಾಕ್ಕಂಡ್ರೆ ನೀವೇ ಬಂದು ಎಳ್ಕಳಿ ಮೇಷ್ಟ್ರೇ," ಎಂದು ಮುನಿಯಮ್ಮ ತನ್ನ ಹುಟ್ಟನ್ನು ನನ್ನ ಕೈಗೆ ಕೊಟ್ಟಳು.

ಒಂದು ಸುತ್ತು ಎಂದದ್ದು ಈಗ ಪ್ರತಿ ಭಾನುವಾರದ ಪದ್ಧತಿಯಾಗಿದೆ. ಅವರಿಬ್ಬರೂ ಕೆರೆಯ ಉದ್ದಗಲ ಅಳೆಯುತ್ತಾರೆ. ನಾನು ತೆಪ್ಪದಲ್ಲಿ ಹಗ್ಗ ಸಿದ್ಧವಿಟ್ಟುಕೊಂಡು ಕೂತಿರುತ್ತೇನೆ. ತೆಪ್ಪ ನನ್ನ ಕೈಯಲ್ಲಿ ಮುಂದೆ ಹೋಗುವುದಿಲ್ಲ, ಇದ್ದಲ್ಲೇ ತಿರುಗುತ್ತದೆ. ಹಾಗೆ ತಿರುಗುತ್ತಲೇ, ಅವರ ಪ್ರತಿ ತಿರುವಿಗೂ ಕಣ್ಣುಮುಚ್ಚಿ ಊರ ದೇವರನ್ನು ಬೇಡಿಕೊಳ್ಳುತ್ತೇನೆ. ಜಿಬ್ಬು ಸಿಕ್ಕದಿರಲಿ ಎಂದು ಬೇಡುತ್ತಿದ್ದೇನೆ ಅಂತ ಪದ್ಮ ನಂಬಿದ್ದಾಳೆ.