ನಂಜನಗೂಡಿನಲ್ಲಿ ಆಫ್ರಿಕಾ ಪಾಠ

ನಂಜನಗೂಡಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದಷ್ಟು ದಿನವೂ ನನಗೇ ಪಾಠ ಆಗುವಂಥದ್ದು ಒಂದಲ್ಲ ಒಂದು ನಡೆಯುತ್ತಲೇ ಇತ್ತು. ಅದರಲ್ಲೂ ಆಫ್ರಿಕಾದ ಮೇಲಿನ ಆ ಹಳೇ ಕಾದಂಬರಿ ಸಿಲೆಬಸ್ಸಿಗೆ ಬಂದ ವರ್ಷ ಕೇಳಲೇಬೇಡಿ. ಬಿಳಿಯನೊಬ್ಬ ದೋಣಿಯಲ್ಲಿ ಕಾಡೊಳಗೆ ಹೋಗುವ ಕಥೆ. ಅದು ಶ್ರೇಷ್ಠ ಕೃತಿ ಅನ್ನುವವರಿದ್ದರು. ಅಲ್ಲಿನ ಜನರನ್ನು ಮನುಷ್ಯರಂತೆ ಕಾಣದ, ಆಳುವವರ ಕಣ್ಣಿನ ಪುಸ್ತಕ ಅನ್ನುವವರೂ ಇದ್ದರು. ರಿಟೈರಾಗಿ ಮನೆಯಲ್ಲಿ ಕೂತಿರುವ ನನಗೆ ಈಗ ಆ ವರ್ಷವೇ ಹೆಚ್ಚು ನೆನಪಾಗುತ್ತೆ.

ಬೇಸಾಯ

ಕಾಡು ಅಂದರೆ ಮನುಷ್ಯನ ಮನಸ್ಸಿನ ಸಂಕೇತ ಅಂತ ನಾನು ನೋಟ್ಸ್ ಹೇಳುತ್ತಿದ್ದೆ. ಪಕ್ಕದ ಕಳಲೆ ಹಳ್ಳಿಯಿಂದ ಬರುತ್ತಿದ್ದ ಹುಡುಗ ಎದ್ದು ನಿಂತ.

"ಮೇಡಂ, ಅಲ್ಲಿಯೋರು ಏನ್ ಬೆಳೀತಿದ್ರು?"

"ಅದು ಪುಸ್ತಕದಲ್ಲಿ ಇಲ್ಲಪ್ಪ."

"ಅಷ್ಟೊಂದು ಜನ ಉಣ್ಣದೇ ಇದ್ರಾ? ಬರ್ದೋನು ದೋಣಿಯಿಂದ ಇಳ್ದು ಒಂದ್ ಹೊಲಾನೂ ನೋಡಿಲ್ಲ ಅನ್ಸತ್ತೆ."

ನಾನು ದಪ್ಪ ದಪ್ಪ ವಿಮರ್ಶೆಗಳನ್ನು ಓದಿ ಬಂದಿದ್ದೆ. ಯಾರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. "ನೀನು ಸರಿಯಾಗಿ ಹೇಳಿದೆ" ಅಂದೆ.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: "ಮೇಡಂ, ಅವನು ಹೇಳಿದ್ದನ್ನೂ ಬರ್ಕೋಬೇಕಾ?"

ಟೀ

ಸ್ಟಾಫ್ ರೂಮಿನಲ್ಲಿ ನಮ್ಮ ವಿಭಾಗದ ಮುಖ್ಯಸ್ಥರಿಗೂ ಇತಿಹಾಸದ ಮೇಷ್ಟರಿಗೂ ಇದೇ ಜಗಳ. "ಅದು ಆ ಕಾಲದ ಭಾಷೆ ಕಣ್ರೀ" ಅಂತ ಮುಖ್ಯಸ್ಥರು. "ಬೈಗುಳಕ್ಕೆ ಕಾಲ ಏನ್ರೀ?" ಅಂತ ಮೇಷ್ಟರು. ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ಹಂಚಿಕೊಂಡು ತಿನ್ನುತ್ತಿದ್ದ ಸ್ನೇಹಿತರು ವಾರದಿಂದ ಬೇರೆ ಬೇರೆ ಕೂತು ತಿನ್ನುತ್ತಿದ್ದರು. ನಮಗೆಲ್ಲ ಬೇಜಾರು.

ಟೀ ತಂದ ಅಟೆಂಡರ್ ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಂಡ. "ಸಾ, ಅದನ್ನ ಬರ್ದೋರು ಈಗೆಲ್ಲವ್ರೆ?"

"ಸತ್ತು ಎಷ್ಟೋ ಕಾಲ ಆಯ್ತಲ್ಲಯ್ಯ" ಅಂದರು ಮುಖ್ಯಸ್ಥರು.

"ಅಂಗಾದ್ರೆ ನಿಧಾನಕ್ಕೆ ಮಾತಾಡ್ಬೋದು. ಟೀ ಮೊದ್ಲು ಕುಡೀರಿ ಸಾ, ಆರೋಯ್ತದೆ."

ಇಬ್ಬರೂ ನಕ್ಕರು. ಮಾರನೇ ದಿನದಿಂದ ಮತ್ತೆ ಒಂದೇ ಡಬ್ಬಿ.

ಕುರ್ಚಿ

ತಿ. ನರಸೀಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ಆ ಕಾದಂಬರಿಯಲ್ಲಿ ವರ್ಣಭೇದ ಇದೆಯೋ ಇಲ್ಲವೋ ಅನ್ನುವುದೇ ವಿಷಯ. ಚೀಟಿ ಎತ್ತಿದಾಗ ಚಿಕ್ಕಯ್ಯನಛತ್ರದ ನಮ್ಮ ಹುಡುಗಿಗೆ 'ಇಲ್ಲ' ಅನ್ನುವ ಪಕ್ಷ ಬಂತು. ಎದುರಿಗೆ ಬನ್ನೂರಿನ ಹುಡುಗ. ನಮ್ಮ ಕಾಲೇಜು ಅಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಎರಡೂ ಪಕ್ಷದ ವಾದ ಹೇಳಿಕೊಡುತ್ತಲೇ ಹೋಗಿದ್ದೆ.

ಅವಳು ಚೆನ್ನಾಗಿಯೇ ಶುರುಮಾಡಿದಳು. "ಲೇಖಕರು ಅಲ್ಲಿನ ಜನರನ್ನು ಎಷ್ಟು ಗೌರವದಿಂದ ವರ್ಣಿಸಿದ್ದಾರೆ, ಓದ್ತೀನಿ ಕೇಳಿ" ಅಂತ ಪುಸ್ತಕ ತೆರೆದಳು. ಒಂದು ಪುಟ ಓದಿದಳು, ಅದರಲ್ಲಿ ಗೌರವದ ಮಾತೇ ಇಲ್ಲ. ಸಭೆಯಲ್ಲಿ ಮುಸಿಮುಸಿ ನಗು. ಇನ್ನೊಂದು ಪುಟ ತಿರುಗಿಸಿದಳು, ಮತ್ತೊಂದು. ಆಮೇಲೆ ತಲೆ ಎತ್ತಿದಳು. "ಕೈ ಇದೆ, ಕಾಲಿದೆ, ಕಣ್ಣಿದೆ. ಒಬ್ಬರಿಗೂ ಹೆಸರೇ ಇಲ್ವಲ್ಲ ಸಾರ್."

ಅಷ್ಟು ಹೇಳಿ ತೀರ್ಪುಗಾರರಿಗೆ ಕೈಮುಗಿದು, "ಕ್ಷಮಿಸಿ, ನಾನು ಆ ಕಡೆ ಹೋಗ್ತೀನಿ" ಅಂತ ನಡೆದುಹೋಗಿ ಬನ್ನೂರಿನ ಹುಡುಗನ ಪಕ್ಕದಲ್ಲಿ ಕೂತುಬಿಟ್ಟಳು. ಬಹುಮಾನ ಹೋಯಿತು ಅಂತ ನನಗೆ ಗೊತ್ತಾಯಿತು. ಆದರೂ ಎದ್ದು ಚಪ್ಪಾಳೆ ತಟ್ಟಿದೆ.

ಬನ್ನೂರಿನ ಹುಡುಗ ಕಂಗಾಲಾಗಿದ್ದ. "ಸಾ, ನಾನ್ ಹೇಳ್ಬೇಕಾದ್ದನ್ನೆಲ್ಲ ಇವರೇ ಹೇಳ್ಬುಟ್ರು. ಈಗ ನಾನೇನ್ ಮಾಡ್ಲಿ?"

ತೀರ್ಪುಗಾರರು ಕನ್ನಡಕ ಸರಿಮಾಡಿಕೊಂಡು, "ಆ ಕಡೆ ಕುರ್ಚಿ ಖಾಲಿ ಇದೆಯಲ್ಲಪ್ಪ, ಹೋಗಿ ಕೂತ್ಕೋ" ಅಂದರು.