ಸಾಚಾ ಸಾಹೇಬರ ಅಸಲಿ ಪ್ರತಿ

ಸಾಚಾ ಸಾಹೇಬರ ಮನೆಯ ಕಂಪ್ಯೂಟರು ಪ್ರಾಣ ಬಿಟ್ಟದ್ದು ಗುರುವಾರ ಬೆಳಗ್ಗೆ ಹತ್ತೂವರೆಗೆ, ಅವರ ಅತ್ತೆ ಇಸ್ಪೀಟಿನ ರಾಣಿಯನ್ನು ರಾಜನ ಕೆಳಗೆ ಕೂರಿಸುತ್ತಿದ್ದ ಶುಭ ಮುಹೂರ್ತದಲ್ಲಿ. ಒಳಗೆಲ್ಲೋ ಟಕ್ ಟಕ್ ಎಂದು ಸದ್ದಾಯಿತು, ಪರದೆ ಒಮ್ಮೆ ನೀಲಿಯಾಯಿತು, ಆಮೇಲೆ ಏನೂ ಆಗಲಿಲ್ಲ.

"ನಾನೇನೂ ಮಾಡಿಲ್ಲ ಅಳಿಯಂದ್ರೇ," ಎಂದರು ಅತ್ತೆ, ಮೌಸಿನ ಮೇಲಿಂದ ಕೈ ತೆಗೆಯದೆ. "ರಾಣಿ ಹೋಗಿ ಕೂತ್ಲು, ಇದು ಮಲಗಿಬಿಡ್ತು."

ಸಾಹೇಬರು ಆವತ್ತು ರಜೆ ಹಾಕಿ ಮನೆಯಲ್ಲಿ ಕೂತಿದ್ದೇ ಆ ಕಂಪ್ಯೂಟರಿನ ಕೆಲಸಕ್ಕೆ. "ಒಂದೇ ಒಂದು ಆಟ, ಆಮೇಲೆ ಕೊಟ್ಬಿಡ್ತೀನಿ" ಎಂದ ಅತ್ತೆಯ ಮಾತಿಗೆ ಮರ್ಯಾದೆ ಕೊಟ್ಟು ಅರ್ಧ ಗಂಟೆಯಿಂದ ಕಾಯುತ್ತಿದ್ದರು. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದರೆ ಚೀಲದಿಂದ ಉಕ್ಕಿನ ಅಚ್ಚು ಮತ್ತು ಸುತ್ತಿಗೆ ತೆಗೆದು ಇಲಾಖೆಯ ಮುದ್ರೆ ಹೊಡೆಯುವುದು, ಸರಿಯಿಲ್ಲದಿದ್ದರೆ ಪುಸ್ತಕ ತೆಗೆದು ಕೇಸು ಬರೆಯುವುದು, ಇದು ಇಪ್ಪತ್ತೆರಡು ವರ್ಷದ ದಿನಚರಿ. ಲಂಚ ಮುಟ್ಟಿದವರಲ್ಲ, ಸುಳ್ಳಿಗೆ ಸೊಪ್ಪು ಹಾಕಿದವರಲ್ಲ. ಅಂಗಡಿಯವರು ಅರ್ಧ ಗೌರವದಿಂದ, ಅರ್ಧ ಹೊಟ್ಟೆಯುರಿಯಿಂದ ಇಟ್ಟ ಹೆಸರು ಸಾಚಾ ಸಾಹೇಬ. ಆ ಹೆಸರೊಂದೇ ಅವರ ಆಸ್ತಿ. ಅದನ್ನು ಮನೆಯಲ್ಲೂ ಆಗಾಗ ತೆಗೆದು ಒರೆಸಿಡುತ್ತಿದ್ದರು.

ಈಗ ವರ್ಷದ ಲೆಕ್ಕ ಒಪ್ಪಿಸುವ ಕಾಲ. ಮುದ್ರೆ ಹೊಡೆದ ಮುನ್ನೂರ ನಲವತ್ತು ತಕ್ಕಡಿಗಳ ಪಟ್ಟಿ ಶನಿವಾರ ಸಂಜೆ ಐದರೊಳಗೆ ಮೇಲಧಿಕಾರಿಗೆ ತಲುಪಬೇಕು. ಪಟ್ಟಿ ಪುಣ್ಯಕ್ಕೆ ನೋಟುಬುಕ್ಕಿನಲ್ಲಿತ್ತು. ಟೈಪು ಮಾಡುವ ಯಂತ್ರ ಮಾತ್ರ ಹೆಣವಾಗಿ ಮೇಜಿನ ಮೇಲೆ ಕೂತಿತ್ತು. ಸಾಹೇಬರು ಸಂಜೆಯವರೆಗೂ ಕಾಲು ಸುಟ್ಟ ಬೆಕ್ಕಿನ ಹಾಗೆ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ಓಡಾಡಿದರು.

ರಿಪೇರಿಯವನು ಬಂದದ್ದು ಹೆಂಡತಿ ಶಾಲೆಯಿಂದ ಮರಳಿದ ಮೇಲೆ. (ಆಕೆ ವಿಜ್ಞಾನದ ಟೀಚರು. ಯಾವ ಮಾತನ್ನೂ ಪುರಾವೆಯಿಲ್ಲದೆ ಒಪ್ಪುವವಳಲ್ಲ. ಗಂಡನೊಬ್ಬನ ಮಾತು ಬಿಟ್ಟು, ಆವತ್ತಿನವರೆಗೆ.) ಅವನು ಪೆಟ್ಟಿಗೆ ಬಿಚ್ಚಿ, ಕಿವಿಯಿಟ್ಟು ಕೇಳಿ, ನಾಡಿ ಸಿಗದ ವೈದ್ಯನ ಹಾಗೆ ತಲೆಯಾಡಿಸಿದ.

"ಹಾರ್ಡ್‌ಡಿಸ್ಕ್ ಹೋಗಿದೆ ಸಾರ್. ಹೊಸದು ಹಾಕ್ತೀನಿ. ಆಪರೇಟಿಂಗ್ ಸಿಸ್ಟಮ್ ಹಳೇ ಥರದ್ದೇ ಹಾಕ್ಲಾ, ಇಲ್ಲಾ ಒರಿಜಿನಲ್ಲಾ?"

"ಹಳೇ ಥರದ್ದು ಅಂದ್ರೆ?" ಎಂದಳು ಹೆಂಡತಿ.

"ಅದೇ ಅಕ್ಕಾ, ಕಾಪಿ ಮಾಡಿದ್ದು. ಹೋದ್ಸಲ ಬಂದಾಗ ನೋಡಿದ್ದೆ, ಪರದೆ ಕಪ್ಪಗಾಗಿ ಮೂಲೆಯಲ್ಲಿ ಅಸಲಿ ಅಲ್ಲ ಅಂತ ಇಂಗ್ಲಿಷಿನಲ್ಲಿ ಬರ್ತಿತ್ತಲ್ಲ."

ಸಾಹೇಬರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಹನ್ನೊಂದು ವರ್ಷದ ಹಿಂದೆ ಯಾರೋ ಹಾಕಿಕೊಟ್ಟ ಕಳ್ಳಪ್ರತಿ ಅದು. ಪರದೆ ಕಪ್ಪಾದಾಗ ಅವರು ಮನೆಯವರಿಗೆ ಕೊಟ್ಟ ವಿವರಣೆಯೇ ಬೇರೆ. ಕಪ್ಪು ಬಣ್ಣಕ್ಕೆ ಕರೆಂಟು ಕಡಿಮೆ ಸಾಕು, ಕಣ್ಣಿಗೂ ತಂಪು. ಅತ್ತೆ ಅದನ್ನು ನಂಬಿ ಪಕ್ಕದ ಮನೆಯವರಿಗೂ ಕಪ್ಪು ಮಾಡಿಸಿಕೊಳ್ಳಿ ಎಂದು ಸಲಹೆ ಕೊಟ್ಟಿದ್ದರು. ಮೂಲೆಯ ಬರಹವನ್ನು ಹೆಂಡತಿ ಒಮ್ಮೆ ಕೇಳಿದಾಗ, "ಅದು ಕಂಪನಿಯವರ ವಿನಯ ಕಣೇ" ಎಂದು ತೇಲಿಸಿಬಿಟ್ಟಿದ್ದರು.

"ಹನ್ನೊಂದು ವರ್ಷ," ಎಂದಳು ಹೆಂಡತಿ. ಅಷ್ಟೇ. ಕೂಗಾಡಿದ್ದರೆ ಸಾಹೇಬರು ತಾಳಿಕೊಳ್ಳುತ್ತಿದ್ದರು. ಆಕೆ ಸುಮ್ಮನೆ ಎದ್ದು ಹೋಗಿ ಕಾಫಿ ಮಾಡಿದಳು. ಸಾಹೇಬರು "ಸಕ್ಕರೆ ಸರಿಯಾಗಿದೆ" ಎಂದಾಗ ಆಕೆ ಅವರ ಲೋಟದಿಂದಲೇ ಒಂದು ಗುಟುಕು ಕುಡಿದು ನೋಡಿದಳು.

ಆ ಗುಟುಕು ಅವರ ಎದೆಗೆ ನಾಟಿತು. ಹೆಂಡತಿಯ ಕಣ್ಣಲ್ಲಿ ಮತ್ತೆ ಸಾಚಾ ಆಗದೆ ಬದುಕಿ ಪ್ರಯೋಜನವಿಲ್ಲ ಎನ್ನಿಸಿತು. "ಒರಿಜಿನಲ್ಲೇ ಹಾಕಪ್ಪಾ," ಎಂದು ಘೋಷಿಸಿದರು. "ಇನ್ನು ಮೇಲೆ ಈ ಮನೆಯಲ್ಲಿ ಖೋಟಾ ಅನ್ನೋದು ಒಂದು ಗುಲಗಂಜಿಯಷ್ಟೂ ಇರಕೂಡದು."

ಶುಕ್ರವಾರ ಸಾಹೇಬರೇ ದೊಡ್ಡ ಅಂಗಡಿಗೆ ಹೋಗಿ, ಸರದಿಯಲ್ಲಿ ನಿಂತು, ಲೈಸೆನ್ಸಿನ ಪೆಟ್ಟಿಗೆ ಕೊಂಡರು. ದಾರಿಯುದ್ದಕ್ಕೂ ಬಿಲ್ಲು ಹೊರಗೆ ಕಾಣುವ ಹಾಗೆ ಜೇಬಿನಲ್ಲಿ ಇಟ್ಟುಕೊಂಡಿದ್ದರು. ರಿಪೇರಿಯವನು ಹೊಸ ಡಿಸ್ಕು ಕೂರಿಸಿ, ಸಿಸ್ಟಮ್ಮನ್ನು ಅರ್ಧದಾರಿಗೆ ತಂದು, "ಇಲ್ಲಿ ಕೀ ಕೇಳ್ತಾ ನಿಂತಿದೆ ಸಾರ್. ಪೆಟ್ಟಿಗೆಯೊಳಗಿನ ಕಾರ್ಡ್ ಉಜ್ಜಿದ್ರೆ ಇಪ್ಪತ್ತೈದು ಅಕ್ಷರ ಬರುತ್ತೆ. ಅದನ್ನ ಹಾಕೋವರೆಗೂ ಮುಂದಕ್ಕೆ ಹೋಗಲ್ಲ," ಎಂದು ಹೇಳಿ ಹೊರಟುಹೋದ.

ಎರಡು ನಿಮಿಷದ ಕೆಲಸ. ಆದರೆ ಪೆಟ್ಟಿಗೆಯೊಂದು ಕೈಗೆ ಬಂದ ಮೇಲೆ ಪರೀಕ್ಷಿಸದೆ ಬಿಟ್ಟರೆ ಇಲಾಖೆಗೆ ಅವಮಾನವಲ್ಲವೇ. ಸಾಹೇಬರು ಭೂತಗನ್ನಡಿ ತಂದರು. ಹೊಳೆಯುವ ಚೀಟಿಯನ್ನು ಬೆಳಕಿಗೆ ಹಿಡಿದು ಎಡಕ್ಕೂ ಬಲಕ್ಕೂ ವಾಲಿಸಿದರು. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಬಿಲ್ಲಿನ ಸಂಖ್ಯೆಗೆ ಮೂರು ಸಲ ತಾಳೆ ನೋಡಿದರು.

"ಇದಾದ್ರೂ ಅಸಲಿ ಅಂತ ಏನು ಗ್ಯಾರಂಟಿ?" ಎಂದಳು ಹೆಂಡತಿ, ಉತ್ತರಪತ್ರಿಕೆ ತಿದ್ದುತ್ತಾ.

"ಗ್ಯಾರಂಟಿ ಬೇಕಾ?" ಎಂದರು ಸಾಹೇಬರು. "ಕೊಡ್ತೀನಿ ನೋಡು."

ಮುಂದಿನದು ಅವರು ಮಾಡಿದ್ದಲ್ಲ, ಅವರ ಕೈ ಮಾಡಿದ್ದು. ಪರೀಕ್ಷೆ ಮುಗಿದು ವಸ್ತು ಸರಿಯೆಂದು ಗೊತ್ತಾದ ಕೂಡಲೇ ಇಪ್ಪತ್ತೆರಡು ವರ್ಷ ಅದು ಮಾಡಿಕೊಂಡು ಬಂದದ್ದು ಒಂದೇ ಕೆಲಸ. ಕಾರ್ಡಿನ ಅಂದ ಕೆಡದಿರಲೆಂದು ಅದನ್ನು ಮಣೆಯ ಮೇಲೆ ಕವುಚಿಟ್ಟು, ಬೆನ್ನಿಗೆ ಅಚ್ಚು ಹಿಡಿದು, ಸುತ್ತಿಗೆಯಿಂದ ಒಂದು ಕೊಟ್ಟರು. ಹೊಡೆತ ಬಿದ್ದ ಮೇಲೆ ತಿರುಗಿಸಿ ನೋಡಿದರೆ ಉಜ್ಜಬೇಕಾದ ಪಟ್ಟಿಯ ನಟ್ಟನಡುವೆ ಇಲಾಖೆಯ ಲಾಂಛನ ಆರಪಾರ ತೂತಾಗಿ ವಿರಾಜಿಸುತ್ತಿತ್ತು. ಉಗುರಿನಿಂದ ಉಜ್ಜಿದರು. ಇಪ್ಪತ್ತೈದು ಅಕ್ಷರಗಳಲ್ಲಿ ಇಪ್ಪತ್ತೆರಡು ಕಂಡವು.

ಹೆಂಡತಿ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಗುಣಾಕಾರ ಮಾಡಿದಳು.

"ಒಂದೊಂದು ಜಾಗಕ್ಕೆ ಇಪ್ಪತ್ತನಾಲ್ಕು ಅಕ್ಷರ ಅಂತ ಇಟ್ಕೊಂಡ್ರೂ ಹದಿಮೂರು ಸಾವಿರದ ಎಂಟುನೂರ ಇಪ್ಪತ್ತನಾಲ್ಕು ಥರ ಬರೆದು ನೋಡ್ಬೇಕು. ಶುರು ಮಾಡಿ."

"ಅಷ್ಟರಲ್ಲಿ ನನ್ನ ಆಟ?" ಎಂದರು ಅತ್ತೆ.

ಸಾಹೇಬರು ನಿಜವಾಗಿಯೂ ಶುರು ಮಾಡಿದರು. ಒಂಬತ್ತನೆಯ ಪ್ರಯತ್ನಕ್ಕೆ ಯಂತ್ರ ಮುನಿಸಿಕೊಂಡು, ಇನ್ನು ನಾಳೆ ಬಾ ಎಂದಿತು. ಶನಿವಾರ ಬೆಳಗ್ಗೆ ಕಚೇರಿ ತೆರೆಯುವುದನ್ನೇ ಕಾದು ಕಂಪನಿಯ ಸಹಾಯವಾಣಿಗೆ ಫೋನು ಮಾಡಿದರು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಕಾರ್ಡಿಗೆ ತೂತು ಹೇಗಾಯ್ತು ಸರ್?"

"ಹೊಡೆದದ್ದಮ್ಮಾ."

"ಯಾರು ಸರ್?"

"ನಾನೇ."

"ಯಾಕೆ ಸರ್?"

"ಅಸಲಿ ಅಂತ ಗುರುತಿಗೆ."

ಆ ಕಡೆ ಸ್ವಲ್ಪ ಹೊತ್ತು ಮತ್ತೆ ಸಂಗೀತವೇ ಕೇಳಿಸಿತು. ಆಮೇಲೆ ಹುಡುಗಿ ಬಹಳ ಮೃದುವಾಗಿ, "ಗುರುತು ಕೆಡಿಸಿದ್ದನ್ನ ನಾವು ಮಾನ್ಯ ಮಾಡೋದಿಲ್ಲ ಸರ್. ನಿಯಮ," ಎಂದಳು. ಸಾಹೇಬರು ಇದೇ ಮಾತನ್ನು, ಇದೇ ಮೃದುತ್ವದಿಂದ ಎಷ್ಟು ಅಂಗಡಿಯವರಿಗೆ ಹೇಳಿದ್ದರೋ ಲೆಕ್ಕವಿಲ್ಲ. ಫೋನು ಇಟ್ಟರು.

ಎರಡನೆಯ ಪೆಟ್ಟಿಗೆ ತರಲು ಹೆಂಡತಿಯೇ ಹೋದಳು. ಬಂದವಳು ಚಪ್ಪಲಿ ಬಿಡುವ ಮೊದಲೇ, "ನೀವು ಕಿಟಕಿ ಹತ್ರ ಕೂತ್ಕೊಳ್ಳಿ. ಕೈ ಎರಡೂ ನನಗೆ ಕಾಣಿಸ್ಬೇಕು," ಎಂದಳು. ಎರಡೇ ನಿಮಿಷ. ಪರದೆಯ ಮೇಲೆ ನೀಲಿ ಬೆಟ್ಟ, ಬಿಳಿ ಮೋಡ ತೆರೆದುಕೊಂಡಿತು. "ಎಷ್ಟು ಕರೆಂಟು ಎಳೀತಿದೆಯೋ," ಎಂದು ಅತ್ತೆ ಕನಿಕರದಿಂದ ನೋಡಿದರು.

ಆಗ ಗಂಟೆ ಒಂದು. ಸಾಹೇಬರು ಊಟ ಬಿಟ್ಟು ಟೈಪು ಮಾಡಿದರು. ಅತ್ತೆ ಹಿಂದೆ ಕುರ್ಚಿ ಹಾಕಿಕೊಂಡು, "ಇನ್ನೆಷ್ಟಿದೆ?" ಎಂದು ಹತ್ತು ನಿಮಿಷಕ್ಕೊಮ್ಮೆ ವಿಚಾರಿಸಿದರು. ನಾಲ್ಕೂವರೆಗೆ ಮುನ್ನೂರ ನಲವತ್ತನೆಯ ತಕ್ಕಡಿ ಮುಗಿಯಿತು. ಕೊನೆಯ ಪುಟದಲ್ಲಿ ಅವರು ಪ್ರತಿ ವರ್ಷ ಕಣ್ಣು ಮುಚ್ಚಿ ಒಪ್ಪಿಗೆ ಕೊಡುವ ಒಂದು ಸಾಲಿತ್ತು. ಹೆಂಡತಿ ಅದನ್ನು ಅವರ ಹೆಗಲ ಮೇಲಿಂದ ಗಟ್ಟಿಯಾಗಿ ಓದಿದಳು.

"ಮೇಲ್ಕಂಡವುಗಳ ಹೊರತು ಬೇರೆ ಯಾವುದೇ ವಸ್ತುವಿನ ಮೇಲೆ ಇಲಾಖೆಯ ಮುದ್ರೆಯನ್ನು ಒತ್ತಿರುವುದಿಲ್ಲವೆಂದು ಆತ್ಮಸಾಕ್ಷಿಯಾಗಿ ಪ್ರಮಾಣೀಕರಿಸುತ್ತೇನೆ."

ಸಾಹೇಬರ ಬೆರಳು ಗುಂಡಿಯ ಮೇಲೆ ಅಲ್ಲೇ ನಿಂತಿತು. ಒತ್ತಿದರೆ ಯಾರಿಗೂ ಗೊತ್ತಾಗದು. ಕಾರ್ಡಿನ ವಿಷಯ ಬರೆದರೆ ಇಲಾಖೆಯೆಲ್ಲ ನಗುತ್ತದೆ, ಕೆಲಸಕ್ಕೂ ಕುತ್ತು ಬರಬಹುದು. ಹೆಂಡತಿ ಒತ್ತಾಯ ಮಾಡಲಿಲ್ಲ, ಬೈಯಲಿಲ್ಲ, ಸುಮ್ಮನೆ ಕಾದಳು. ಆ ಕಾಯುವಿಕೆಯಲ್ಲಿ ಇನ್ನೂ ಒಂದಿಷ್ಟು ನಂಬಿಕೆ ಉಳಿದಿದೆ ಎಂದು ಅವರಿಗೆ ಅನ್ನಿಸಿತು. ಪಟ್ಟಿಯ ಕೊನೆಗೆ ಹಿಂತಿರುಗಿ ಒಂದು ಸಾಲು ಸೇರಿಸಿದರು. ಕ್ರಮಸಂಖ್ಯೆ ಮುನ್ನೂರ ನಲವತ್ತೊಂದು: ಕಂಪ್ಯೂಟರ್ ಲೈಸೆನ್ಸಿನ ಕಾರ್ಡು, ಒಂದು. ಮುದ್ರೆ ಒತ್ತಿದ ಸ್ಥಳ: ಸ್ವಗೃಹ.

ಕಳಿಸಿಬಿಟ್ಟರು. ಹೆಂಡತಿ ಹೋಗಿ ಕಾಫಿ ತಂದಳು. ಈ ಸಲ ಗುಟುಕು ತೆಗೆದುಕೊಳ್ಳಲಿಲ್ಲ. ಸಾಹೇಬರಿಗೆ ಮೂರು ದಿನದಲ್ಲಿ ಮೊದಲ ಬಾರಿಗೆ ಉಸಿರು ಪೂರ್ತಿ ಒಳಗೆ ಹೋಯಿತು.

ಮೇಲಧಿಕಾರಿಯ ಉತ್ತರ ಕಾಲು ಗಂಟೆಯಲ್ಲೇ ಬಂತು. ನಗೆಯಿಲ್ಲ, ಬೈಗುಳವಿಲ್ಲ. "ಕ್ರ.ಸಂ. 341ರ ಎದುರು ತೂಕ ನಮೂದಿಸಿರುವುದಿಲ್ಲ. ಐದು ಗಂಟೆಯೊಳಗೆ ತೂಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಪಟ್ಟಿಯನ್ನು ಹಿಂತಿರುಗಿಸಲಾಗುವುದು."

ಗಂಟೆ ನಾಲ್ಕು ಐವತ್ತು. ಕಚೇರಿಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಸಾಹೇಬರು ಅಡುಗೆಮನೆಗೆ ಓಡಿದರು. ಹಿಟ್ಟು ಅಳೆಯುವ ಪುಟ್ಟ ತಕ್ಕಡಿ ಕಪಾಟಿನ ಮೇಲಿತ್ತು. ಅದನ್ನು ಇಳಿಸಿ, ಊದಿ, ತೂತಿನ ಕಾರ್ಡನ್ನು ಮೆಲ್ಲಗೆ ಇಟ್ಟರು. ಮುಳ್ಳು ಹತ್ತು ಗ್ರಾಮಿನ ಹತ್ತಿರ ನಡುಗುತ್ತಾ ನಿಂತಿತು.

"ರೀ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು, "ಇಲಾಖೆಗೆ ಕೊಡೋ ತೂಕ ಮುದ್ರೆಯಿರೋ ತಕ್ಕಡಿಯಲ್ಲೇ ಆಗ್ಬೇಕು ಅಲ್ವಾ? ಇದಕ್ಕೆ ಮುದ್ರೆ ಎಲ್ಲಿದೆ?"

ಸಾಹೇಬರು ತಕ್ಕಡಿಯನ್ನು ತಿರುಗಿಸಿದರು. ಕವುಚಿದರು. ತಳ ನೋಡಿದರು, ತಟ್ಟೆ ಎತ್ತಿ ನೋಡಿದರು. ಎಲ್ಲೂ ಇರಲಿಲ್ಲ. ಕೈ ತಾನಾಗಿಯೇ ಚೀಲದ ಕಡೆ, ಅಚ್ಚಿನ ಕಡೆ ಹೊರಟಿತು. ಆದರೆ ಹೆಂಡತಿಯ ಕೈ ಅಷ್ಟರಲ್ಲಿ ಚೀಲದೊಳಗೆ ಹೋಗಿ ಬಂದಾಗಿತ್ತು. ಆಕೆ ಹೊರತೆಗೆದದ್ದು ಕೇಸು ಬರೆಯುವ ಪುಸ್ತಕ.

ಆಕೆ ಎದುರಿಗೆ ಮಣೆ ಎಳೆದುಕೊಂಡು ಕೂತಳು. ಹೊಸ ಹಾಳೆ ತಿರುವಿ, ಪೆನ್ನಿನ ಮುಚ್ಚಳ ತೆಗೆದಳು.

"ಹೆಸರು ಹೇಳಿ," ಎಂದಳು.